ಫಿಲಿಪೀನ್ಸ್‌ನಲ್ಲಿ ಆರು ದಿನ, ಒಂದೇ ರೆಸಾರ್ಟ್, ಮೆಟ್ಟಿಲಿಳಿದರೆ ಹವಳ: ಅಂಥ ಜಾಗ ಯಾವುದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ನಾನು, ನನ್ನ ಹೆಂಡತಿ ಮತ್ತು ಹದಿನಾಲ್ಕು ವರ್ಷದ ಮಗಳು ಫಿಲಿಪೀನ್ಸಿಗೆ ಹೋಗಬೇಕೆಂದಿದ್ದೇವೆ. ಪರಿಚಯದ ಟ್ರಾವೆಲ್ ಏಜೆಂಟರು ಕಳುಹಿಸಿದ ಪಟ್ಟಿಯಲ್ಲಿ ಆರು ರಾತ್ರಿಗೆ ಮನಿಲಾ, ಬೊರಾಕಾಯ್, ಸೆಬು, ಬೊಹೋಲ್ ಎಂದು ನಾಲ್ಕು ಊರುಗಳಿದ್ದು, ಅದನ್ನು ಓದುವಾಗಲೇ ನನಗೆ ಆಯಾಸವಾಯಿತು. ವರ್ಷವಿಡೀ ಅಡಿಕೆ ಮಂಡಿಯ ಲೆಕ್ಕದಲ್ಲಿ ತಲೆ ಹುದುಗಿಸಿಕೊಂಡಿರುವ ನನಗೆ ಬೇಕಾಗಿರುವುದು ಸೂಟ್‌ಕೇಸನ್ನು ಒಂದೇ ಸಲ ಬಿಚ್ಚಿ, ಬೆಳಿಗ್ಗೆ ಎದ್ದು ಸಮುದ್ರಕ್ಕಿಳಿದು ಮೀನು ನೋಡಿ, ಮಧ್ಯಾಹ್ನ ಮಲಗಿ, ಸಂಜೆ ಮತ್ತೆ ಸಮುದ್ರಕ್ಕಿಳಿಯಬಹುದಾದ ಒಂದು ಜಾಗ.

ಬಾಯಲ್ಲಿ ಉಸಿರುಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವ ಸ್ನಾರ್ಕಲಿಂಗ್‌ನಲ್ಲಿ ನಮ್ಮ ಅನುಭವ ಎಂದರೆ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿದ್ದ ಒಂದು ದಿನ ಮಾತ್ರ. ಕನ್ನಡಕದೊಳಗೆ ಎರಡೆರಡು ನಿಮಿಷಕ್ಕೆ ನೀರು ತುಂಬಿಕೊಂಡು, ನಾನು ಕಂಡಿದ್ದು ಒಂದು ಹಳದಿ ಮೀನಿನ ಬಾಲ ಮತ್ತು ನನ್ನದೇ ಕೈ. ಹೆಂಡತಿಗೆ ಈಜು ಬಾರದು, ಮೇಲಾಗಿ ಆಕೆ ಮೊಟ್ಟೆಯನ್ನೂ ತಿನ್ನದ ಶುದ್ಧ ಸಸ್ಯಾಹಾರಿ. ಮಗಳು ಚೆನ್ನಾಗಿ ಈಜುತ್ತಾಳೆ. ದೋಣಿ ಹತ್ತದೆಯೇ ದಡದಿಂದ ಇಳಿದು ಹವಳ ನೋಡಬಹುದಾದ ಸ್ಥಳ ಅಲ್ಲಿ ನಿಜವಾಗಿಯೂ ಇದೆಯೇ, ಅಥವಾ ಅದು ಜಾಹೀರಾತಿನ ಮಾತೇ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಅಲೆಮಾರಿ 77

ಮೊದಲು ಆ ಪಟ್ಟಿಯನ್ನು ಹರಿದು ಹಾಕಿ, ಉಳಿದದ್ದನ್ನು ಆಮೇಲೆ ಮಾತಾಡೋಣ. ಏಳು ಸಾವಿರದ ಆರುನೂರಕ್ಕೂ ಹೆಚ್ಚು ದ್ವೀಪಗಳಿರುವ ದೇಶದಲ್ಲಿ ಊರಿಂದೂರಿಗೆ ಹೋಗುವುದೆಂದರೆ ಅರ್ಧ ದಿನ ವಿಮಾನ ನಿಲ್ದಾಣಕ್ಕೋ ದೋಣಿಕಟ್ಟೆಗೋ ಬಲಿ.

ಸಿಂಗಪುರವಾಸಿ

ಜಾಹೀರಾತಿನ ಮಾತಲ್ಲ, ನಿಜವಾಗಿಯೂ ಇದೆ. ಸೆಬು ದ್ವೀಪದ ನೈರುತ್ಯ ದಡದಲ್ಲಿರುವ ಮೊವಾಲ್ಬೊವಾಲ್ ಎಂಬ ಊರನ್ನು ಪರಿಶೀಲಿಸಿ. ನಾನು ಮೂರು ಸಲ ಹೋಗಿದ್ದೇನೆ. ಸಿಂಗಪುರದಿಂದ ಸೆಬುವಿಗೆ ನೇರ ವಿಮಾನ ನಾಲ್ಕು ಗಂಟೆಯೊಳಗೆ ತಲುಪಿಸುತ್ತದೆ, ಅಲ್ಲಿಂದ ರಸ್ತೆಯಲ್ಲಿ ಸುಮಾರು ತೊಂಬತ್ತು ಕಿಲೋಮೀಟರ್. ನಗರದ ದಕ್ಷಿಣ ಬಸ್ ನಿಲ್ದಾಣದಿಂದ ಬಸ್ಸುಗಳಿವೆ, ಆದರೆ ನೀವು ಮೂವರಿರುವುದರಿಂದ ಕಾರು ಮಾಡಿಕೊಂಡರೂ ಹೊರೆಯಾಗದು. ಎರಡರಲ್ಲೂ ಮೂರು ಗಂಟೆ ಎಂದಿಟ್ಟುಕೊಳ್ಳಿ, ಏಕೆಂದರೆ ಸೆಬು ನಗರದ ಸಂಚಾರ ದಟ್ಟಣೆ ನಮ್ಮ ಸಿಲ್ಕ್ ಬೋರ್ಡನ್ನು ನೆನಪಿಸುತ್ತದೆ.

ಅಲ್ಲಿನ ಪನಗ್ಸಮ ಎಂಬ ದಡದಲ್ಲಿ ರೆಸಾರ್ಟಿನ ಮೆಟ್ಟಿಲಿಳಿದು ಇಪ್ಪತ್ತು ಮೂವತ್ತು ಮೀಟರ್ ತೇಲಿಕೊಂಡು ಹೋದರೆ ಕಾಲ ಕೆಳಗಿನ ಹವಳದ ನೆಲ ಒಮ್ಮೆಲೇ ಕೊನೆಗೊಳ್ಳುತ್ತದೆ. ಅದರಾಚೆಗೆ ಗೋಡೆಯಂತೆ ಇಳಿದ ಪ್ರಪಾತ, ಬರೀ ನೀಲಿ. ಆ ಅಂಚಿನಲ್ಲಿ ಸಾರ್ಡೀನ್ ಮೀನುಗಳ ಹಿಂಡು ವರ್ಷವಿಡೀ ನಿಂತಿರುತ್ತದೆ. ಹಿಂಡು ಎಂದರೆ ನೂರಿನ್ನೂರಲ್ಲ. ಸೂರ್ಯನಿಗೆ ಅಡ್ಡ ಬಂದಾಗ ನಿಮ್ಮ ಕೆಳಗಿನ ಹವಳದ ಮೇಲೆ ಮೋಡದ ನೆರಳು ಬಿದ್ದಂತೆ ಕತ್ತಲಾಗುತ್ತದೆ. ಯಾರಾದರೂ ಉಸಿರು ಬಿಗಿಹಿಡಿದು ಕೆಳಗೆ ಮುಳುಗಿದರೆ, ಪೊಲೀಸ್ ಜೀಪು ಬಂದಾಗ ಸಂತೆಯ ಜನ ಇಬ್ಭಾಗವಾಗುವಂತೆ ಮೀನೆಲ್ಲ ಎರಡಾಗಿ ಸರಿದು ಮತ್ತೆ ಕೂಡಿಕೊಳ್ಳುತ್ತವೆ. ಇದನ್ನು ನೋಡಲು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಬೇಕಿಲ್ಲ, ದೋಣಿ ಬೇಕಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ಮುಖವನ್ನು ನೀರಿನಲ್ಲಿಟ್ಟರೆ ಸಾಕು.

ಒಂದು ಎಚ್ಚರಿಕೆ. ಪನಗ್ಸಮ ಕಲ್ಲುಬಂಡೆಯ ದಡ, ಮರಳಿನ ಕಡಲತೀರವಲ್ಲ. ಬಿಳಿ ಮರಳು ಬೇಕೆಂದರೆ ಕೆಲವು ಕಿಲೋಮೀಟರ್ ಉತ್ತರದ ಬಸ್ದಕು ತೀರದಲ್ಲಿ ತಂಗಬೇಕು. ಅಲ್ಲಿಯೂ ದಡದಿಂದಲೇ ಹವಳ ಕಾಣುತ್ತದೆ, ಆದರೆ ಸಾರ್ಡೀನ್ ನೋಡಲು ಮೂರು ಚಕ್ರದ ಟ್ರೈಸಿಕಲ್ಲಿನಲ್ಲಿ ಪನಗ್ಸಮಕ್ಕೆ ಬರಬೇಕು.

ದಕ್ಕೆಯವ

ಸಾರ್ಡೀನ್ ಎಂದರೆ ನಮ್ಮ ಬೂತಾಯಿಯೇ ಅಲ್ಲವೇ ಸ್ವಾಮಿ? ಬೂತಾಯಿ ನೋಡುವುದಕ್ಕೆ ಸಿಂಗಪುರ ದಾಟಿ ಹೋಗುವವರನ್ನು ಇದೇ ಮೊದಲು ಕಂಡೆ. ಮಂಗಳೂರಿನ ದಕ್ಕೆಗೆ ಬೆಳಿಗ್ಗೆ ಐದಕ್ಕೆ ಬನ್ನಿ, ಬುಟ್ಟಿಗಟ್ಟಲೆ ತೋರಿಸುತ್ತೇನೆ.

ಕಾಳಿ ಸಂಗಮ

ನಮ್ಮ ಕಾರವಾರದ ಕಡೆ ಅದನ್ನು ತಾರ್ಲೆ ಎನ್ನುತ್ತೇವೆ. ಬುಟ್ಟಿಯಲ್ಲಿರುವ ತಾರ್ಲೆಗೂ ಬದುಕಿರುವ ತಾರ್ಲೆಗೂ ಇರುವ ವ್ಯತ್ಯಾಸ ತಿಳಿಯಬೇಕೆಂದರೆ ದಕ್ಕೆಯವರೇ ಒಮ್ಮೆ ನೀರಿಗಿಳಿಯಬೇಕು.

ತುಂಗಾತೀರ ಅವರಿಗೆ ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮಗೆ ದಪ್ಪ ಮೀಸೆ ಇದೆಯೇ?

ತುಂಗಾತೀರ

ಇದೆ, ಇಪ್ಪತ್ತೈದು ವರ್ಷದಿಂದ ಇದೆ. ಅದಕ್ಕೂ ಹವಳಕ್ಕೂ ಏನು ಸಂಬಂಧ?

ಕಾಳಿ ಸಂಗಮ

ನೇತ್ರಾಣಿಯಲ್ಲಿ ನಿಮ್ಮ ಕನ್ನಡಕಕ್ಕೆ, ಅಂದರೆ ಮಾಸ್ಕಿಗೆ, ನೀರು ತುಂಬಿದ್ದು ಬಹುತೇಕ ಅದರಿಂದಲೇ. ಮಾಸ್ಕಿನ ಅಂಚು ಮೂಗಿನ ಕೆಳಗಿನ ಚರ್ಮಕ್ಕೆ ಅಂಟಿಕೊಂಡು ಕೂರಬೇಕು. ಅಲ್ಲಿ ಕೂದಲಿದ್ದರೆ ಒಂದೊಂದು ಕೂದಲೂ ಒಂದೊಂದು ಕಾಲುವೆ. ನಾನು ಹನ್ನೆರಡು ವರ್ಷದಿಂದ ಡೈವಿಂಗ್ ಮಾಡುತ್ತಿದ್ದೇನೆ, ಮೊದಲ ವರ್ಷವಿಡೀ ಇದೇ ಕಾರಣಕ್ಕೆ ಉಪ್ಪುನೀರು ಕುಡಿದಿದ್ದೇನೆ. ಮೀಸೆಯ ಮೇಲಂಚಿನಲ್ಲಿ, ಮೂಗಿನ ಹೊಳ್ಳೆಗಳ ಕೆಳಗೆ, ಒಂದು ಸಣ್ಣ ಪಟ್ಟಿಯಷ್ಟು ಬೋಳಿಸಿದರೆ ಸಾಕು, ಪೂರ್ತಿ ತೆಗೆಯಬೇಕಿಲ್ಲ.

ಇಲ್ಲಿಂದಲೇ ನಿಮ್ಮ ಸ್ವಂತ ಮಾಸ್ಕ್ ಕೊಂಡು ಹೋಗಿ. ಅಂಗಡಿಯಲ್ಲಿ ಪಟ್ಟಿಯನ್ನು ಹಿಂದಕ್ಕೆ ಎಳೆಯದೆ ಬರೀ ಮುಖಕ್ಕಿಟ್ಟುಕೊಂಡು ಮೂಗಿನಿಂದ ಉಸಿರೆಳೆದುಕೊಳ್ಳಿ. ಕೈ ಬಿಟ್ಟರೂ ಮಾಸ್ಕ್ ಬೀಳದೆ ನಿಂತರೆ ಅದು ನಿಮ್ಮ ಮುಖದ್ದು. ಪಟ್ಟಿಯನ್ನು ಬಿಗಿಯಾಗಿ ಎಳೆದುಕೊಂಡರೆ ನೀರು ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ, ಹಾಗೆ ಮಾಡಿದರೆ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ದೃಷ್ಟಿದೋಷ ಇರುವವರಿಗೆ ಪವರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ. ಮಂಜು ಹಿಡಿಯದಿರಲು ಒಣಗಾಜಿನ ಒಳಬದಿಗೆ ಎಂಜಲು ಹಚ್ಚಿ ಉಜ್ಜಿ, ಒಮ್ಮೆ ನೀರಿನಲ್ಲಿ ಆಡಿಸಿ ಹಾಕಿಕೊಳ್ಳಿ. ಅಸಹ್ಯವೆನಿಸಿದರೆ ಮಕ್ಕಳ ಶಾಂಪೂ ಒಂದು ಹನಿ.

ನಿಮ್ಮ ಮನೆಯವರಿಗೆ ಈಜು ಬಾರದಿರುವುದು ದೊಡ್ಡ ಅಡ್ಡಿಯಲ್ಲ. ಆದರೆ ಮೊದಲ ದಿನವೇ ಆಳಕ್ಕೆ ಕರೆದೊಯ್ಯಬೇಡಿ. ಸೊಂಟದ ಮಟ್ಟದ ನೀರಿನಲ್ಲಿ ನಿಂತುಕೊಂಡು ಮುಖ ಮಾತ್ರ ಮುಳುಗಿಸಿ, ಬಾಯಿಯಿಂದ ನಿಧಾನವಾಗಿ ಉಸಿರಾಡುವುದನ್ನು ಹತ್ತು ನಿಮಿಷ ಅಭ್ಯಾಸ ಮಾಡಿಸಿ. ಮೂಗು ಮುಚ್ಚಿದ್ದರೂ ಗಾಳಿ ಬರುತ್ತದೆ ಎಂಬ ನಂಬಿಕೆ ದೇಹಕ್ಕೆ ಬರುವವರೆಗೆ ಕಾಯಬೇಕು, ಅಷ್ಟೇ.

ಅಲೆಮಾರಿ 77

ಮೀಸೆಗೆ ವ್ಯಾಸಲೀನ್ ಮೆತ್ತಿಕೊಂಡರೆ ಸಾಕು, ಬೋಳಿಸುವ ಗೋಜೇಕೆ?

ಕಾಳಿ ಸಂಗಮ

ಒಂದೆರಡು ದಿನಕ್ಕೆ ನಡೆಯುತ್ತದೆ. ಆದರೆ ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನು ಹಾಳುಗೆಡವುತ್ತದೆ, ಜೊತೆಗೆ ಅದು ಗಾಜಿಗೆ ತಗುಲಿದರೆ ಇಡೀ ಸಮುದ್ರ ಎಣ್ಣೆ ಹಚ್ಚಿದ ಕಾಗದದ ಹಿಂದೆ ಇದ್ದಂತೆ ಕಾಣುತ್ತದೆ.

ತುಂಗಾತೀರ

ಸಂಗಮದವರೇ, ತಾವು ಹೇಳಿದ್ದು ಅರ್ಥವಾಯಿತು. ಆದರೆ ನನ್ನ ತಾಯಿ ಎಂಬತ್ತರ ವಯಸ್ಸಿನಲ್ಲೂ ಗಟ್ಟಿಮುಟ್ಟಾಗಿದ್ದಾರೆ. ಹೆತ್ತವರು ಬದುಕಿರುವಾಗ ಮೀಸೆಗೆ ಕತ್ತಿ ತಾಗಿಸಿದವನನ್ನು ನಮ್ಮ ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಬೇರೆ ಉಪಾಯವಿದ್ದರೆ ತಿಳಿಸಿ.

ಹವಳದ ಬೆನ್ನುಹತ್ತಿ

ಮೀಸೆಯನ್ನು ಸ್ವಲ್ಪ ಬದಿಗಿಟ್ಟು ಊರಿನ ಮಾತಿಗೆ ಬರೋಣ. ಮೊವಾಲ್ಬೊವಾಲ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಸಂಜೆಯಾದರೆ ಆ ಓಣಿಯಲ್ಲಿ ಬಾರುಗಳ ಸದ್ದು, ಬೈಕುಗಳ ಸದ್ದು. ನಿಜವಾದ ವಿಶ್ರಾಂತಿ ಬೇಕಿದ್ದರೆ ಎದುರಿನ ನೆಗ್ರೋಸ್ ದ್ವೀಪದ ದಾವಿನ್ ಊರಿನಲ್ಲಿ ಉಳಿದುಕೊಳ್ಳಿ. ದುಮಗೆಟೆ ನಗರದಿಂದ ಅರ್ಧ ಗಂಟೆಯ ದಾರಿ. ಮರಳು ಅಲ್ಲಿ ಜ್ವಾಲಾಮುಖಿಯ ಕಪ್ಪು ಮರಳು, ಫೋಟೊಗೆ ಚೆಂದವಿಲ್ಲ. ಆದರೆ ರೆಸಾರ್ಟುಗಳು ಶಾಂತವಾಗಿವೆ, ತೆಂಗಿನ ತೋಟದ ನಡುವೆ ಇವೆ. ಹತ್ತಿರದ ಮಲತಪೈ ದಡದಿಂದ ದೋಣಿಯಲ್ಲಿ ಸುಮಾರು ಮುಕ್ಕಾಲು ಗಂಟೆಗೆ ಆಪೊ ದ್ವೀಪ.

ಆಪೊ ದ್ವೀಪದ ಕಥೆ ತಿಳಿದು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಡೈನಮೈಟ್ ಸಿಡಿಸಿ ಮೀನು ಹಿಡಿಯುವ ಅಭ್ಯಾಸದಿಂದ ಆ ಭಾಗದ ಹವಳ ನೆಲಸಮವಾಗುತ್ತಿದ್ದ ಕಾಲದಲ್ಲಿ ದುಮಗೆಟೆಯ ಸಿಲ್ಲಿಮನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಏಂಜೆಲ್ ಅಲ್ಕಾಲ ಅವರು ಮತ್ತು ಅವರ ಸಂಗಡಿಗರು ದ್ವೀಪದ ಬೆಸ್ತರ ಜೊತೆ ಕೂತು ಮಾತಾಡಿದರು. ದಡದ ಒಂದು ಸಣ್ಣ ಭಾಗದಲ್ಲಿ ಯಾರೂ ಬಲೆ ಬೀಸಬಾರದು, ಅಲ್ಲಿ ಬೆಳೆದ ಮೀನು ತಾನಾಗಿಯೇ ಹೊರಗೆ ಬಂದು ನಿಮ್ಮ ಬಲೆಗೆ ಬೀಳುತ್ತದೆ ಎಂಬುದು ಅವರ ವಾದ. 1982ರಲ್ಲಿ ಊರವರೇ ಕಾವಲು ನಿಂತು ಆ ರಕ್ಷಿತ ಭಾಗವನ್ನು ಶುರುಮಾಡಿದರು, ವಾದ ನಿಜವೂ ಆಯಿತು. ಅಲ್ಕಾಲ ಅವರಿಗೆ 1992ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2011ರ ಡಿಸೆಂಬರಿನ ಸೆಂಡಾಂಗ್ ಚಂಡಮಾರುತ ಅದೇ ರಕ್ಷಿತ ಭಾಗದ ಹವಳವನ್ನು ಬಹಳಷ್ಟು ಪುಡಿಮಾಡಿತು ಎಂಬುದನ್ನೂ ಹೇಳಬೇಕು. ಆದರೆ ಇಂದಿಗೂ ಅಲ್ಲಿನ ಆಳವಿಲ್ಲದ ನೀರಿನಲ್ಲಿ ಹಸಿರು ಕಡಲಾಮೆಗಳು ನಮ್ಮೂರ ಬೀದಿಯ ಹಸುಗಳಷ್ಟೇ ನಿರ್ಲಿಪ್ತವಾಗಿ ಮೇಯುತ್ತಿರುತ್ತವೆ. ಪಕ್ಕದಲ್ಲಿ ಯಾರು ತೇಲುತ್ತಿದ್ದಾರೆಂದು ತಲೆಯೆತ್ತಿಯೂ ನೋಡುವುದಿಲ್ಲ.

ಸಿಂಗಪುರವಾಸಿ

ಬೆನ್ನುಹತ್ತಿ ಮೇಡಂ, ತಮ್ಮ ಮಾತಿನಲ್ಲಿ ತೂಕವಿದೆ, ಆದರೆ ಪ್ರಶ್ನೆಯನ್ನು ಮತ್ತೊಮ್ಮೆ ಓದಿ. ಅವರು ದೋಣಿ ಹತ್ತದೆ ನೋಡಬೇಕು ಎಂದಿದ್ದಾರೆ. ಆಪೊಗೆ ದೋಣಿ ಬೇಕು, ಫೆಬ್ರವರಿಯಲ್ಲಿ ಈಶಾನ್ಯದ ಅಮಿಹಾನ್ ಗಾಳಿ ಬೀಸುವಾಗ ಪೂರ್ವಕ್ಕೆ ತೆರೆದುಕೊಂಡ ಆ ದಡದಲ್ಲಿ ದೋಣಿ ಹತ್ತುವಾಗಲೇ ಸೊಂಟದವರೆಗೆ ನೆನೆಯಬೇಕಾಗುತ್ತದೆ. ಮೊವಾಲ್ಬೊವಾಲ್ ಪಶ್ಚಿಮ ದಡದಲ್ಲಿದೆ, ಸೆಬುವಿನ ಬೆಟ್ಟಗಳೇ ಆ ಗಾಳಿಯನ್ನು ತಡೆಯುತ್ತವೆ. ಜೂನಿನಿಂದ ಅಕ್ಟೋಬರಿನವರೆಗೆ ನೈರುತ್ಯದ ಹಬಗಾತ್ ಬೀಸುವಾಗ ಲೆಕ್ಕ ತಿರುಗುಮುರುಗಾಗುತ್ತದೆ.

ಹವಳದ ಬೆನ್ನುಹತ್ತಿ

ಗಾಳಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ದಾವಿನ್‌ನಲ್ಲಿಯೂ ದಡದಿಂದ ಇಳಿಯಬಹುದು, ಆದರೆ ಅಲ್ಲಿರುವುದು ಮರಳಲ್ಲಿ ಅಡಗಿರುವ ಸಣ್ಣಪುಟ್ಟ ವಿಚಿತ್ರ ಜೀವಿಗಳು. ಅವುಗಳನ್ನು ಹುಡುಕುವುದು ಸ್ಕೂಬಾ ಮಾಡುವವರ ಹುಚ್ಚು. ಮೊದಲ ಸಲದವರಿಗೆ ಬೇಸರವಾದೀತು.

ಬಿಳಿಮರಳು

ಇಷ್ಟೆಲ್ಲ ತಲೆನೋವು ಏಕೆ? ಬೊರಾಕಾಯ್‌ಗೆ ಹೋಗಿ. ನಾಲ್ಕು ಕಿಲೋಮೀಟರ್ ಹಿಟ್ಟಿನಂಥ ಬಿಳಿ ಮರಳು, ಸಂಜೆಗೆ ಹಾಯಿದೋಣಿಗಳು. 2018ರಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆರು ತಿಂಗಳು ಇಡೀ ದ್ವೀಪವನ್ನೇ ಮುಚ್ಚಿ ಕೊಳಚೆ ಕಾಲುವೆಗಳನ್ನು ಸರಿಪಡಿಸಿದರು, ಈಗ ನೀರು ಸ್ವಚ್ಛವಾಗಿದೆ.

ಅಲೆಮಾರಿ 77

ಒಂದೇ ಹೊತ್ತಿನಲ್ಲಿ 19,215 ಪ್ರವಾಸಿಗರಷ್ಟೇ ಇರಬೇಕೆಂದು ಆಗ ಮಿತಿ ಹಾಕಿದ್ದರು. ಹತ್ತೊಂಬತ್ತು ಸಾವಿರ ಜನರ ನಡುವೆ ವಿಶ್ರಾಂತಿ ಪಡೆಯುವ ಶಕ್ತಿ ಇದ್ದರೆ ಖಂಡಿತ ಹೋಗಿ. ಸ್ನಾರ್ಕಲಿಂಗ್ ಮಟ್ಟಿಗೆ ಆ ಬಿಳಿ ಮರಳಿನ ಮುಂದೆ ಮರಳೇ ಹೊರತು ಬೇರೇನೂ ಇಲ್ಲ.

ಪ್ರವಾಸಿ ಮಿತ್ರ

ವೀಸಾಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ಅರ್ಜಿ ಹಾಕುವುದನ್ನು ಮರೆಯಬೇಡಿ.

ಸಿಂಗಪುರವಾಸಿ

ಅದು ಹಳೆಯ ಮಾಹಿತಿ. 2025ರ ಜೂನ್ 8ರಿಂದ ಭಾರತದ ಪಾಸ್‌ಪೋರ್ಟ್ ಇರುವವರು ಪ್ರವಾಸಕ್ಕಾಗಿ ವೀಸಾ ಇಲ್ಲದೆಯೇ 14 ದಿನ ಇರಬಹುದು, ಆದರೆ ಆ ಅವಧಿಯನ್ನು ವಿಸ್ತರಿಸಲಾಗದು. ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಯುರೋಪಿನ ಷೆಂಗೆನ್, ಸಿಂಗಪುರ ಅಥವಾ ಬ್ರಿಟನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದರೆ 30 ದಿನ. ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್, ಹಿಂತಿರುಗುವ ಟಿಕೆಟ್, ತಂಗುವ ಜಾಗದ ಬುಕಿಂಗ್, ಕೈಯಲ್ಲಿ ಹಣವಿದೆ ಎಂಬುದಕ್ಕೆ ದಾಖಲೆ ಇಟ್ಟುಕೊಳ್ಳಿ. ಅಲ್ಲಿ ಇಳಿಯುವ ಮುಂಚಿನ 72 ಗಂಟೆಯೊಳಗೆ ಫಿಲಿಪೀನ್ಸ್ ಸರ್ಕಾರದ ಇ-ಟ್ರಾವೆಲ್ ಜಾಲತಾಣದಲ್ಲಿ ನೋಂದಣಿ ಮಾಡಬೇಕು. ಅದು ಸಂಪೂರ್ಣ ಉಚಿತ, ಹಣ ಕೇಳುವ ಜಾಲತಾಣ ಸಿಕ್ಕರೆ ಅದು ನಕಲಿ ಎಂದು ತಿಳಿಯಿರಿ.

ಇನ್ನೊಂದು ಮಾತು. ಬೆಂಗಳೂರಿನಿಂದ ಸೆಬುವರೆಗೆ ಒಂದೇ ಟಿಕೆಟ್ ಮಾಡಿಸಿ. ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡು, ಇಲ್ಲಿ ಸಾಮಾನು ಹೊರಗೆ ತೆಗೆದು ಮತ್ತೆ ಕೊಡಬೇಕಾದರೆ ಸಿಂಗಪುರದ ವೀಸಾ ಬೇಕಾಗುತ್ತದೆ. ಆ ತಪ್ಪು ಮಾಡಿ ವಿಮಾನ ತಪ್ಪಿಸಿಕೊಂಡ ಬಂಧುಗಳು ನನಗಿದ್ದಾರೆ.

ಬಿಸಿಲೂರು ಡಾಕ್ಟರ್

ಸರ್, ನಾನು ಕಲಬುರಗಿಯವಳು, ದಾವಾವೊ ನಗರದಲ್ಲಿ ವೈದ್ಯಕೀಯ ಓದುತ್ತಿದ್ದೇನೆ, ಇದು ನಾಲ್ಕನೇ ವರ್ಷ. ಆಂಟಿಯವರ ಊಟದ ಬಗ್ಗೆ ಯಾರೂ ಮಾತಾಡಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಇಲ್ಲಿ ವೆಜಿಟೇರಿಯನ್ ಎಂದರೆ ತರಕಾರಿ ಇಷ್ಟಪಡುವವರು ಎಂದಷ್ಟೇ ಅರ್ಥ ಮಾಡಿಕೊಳ್ಳುತ್ತಾರೆ. ಮೊದಲ ವಾರ ನಾನು ತರಕಾರಿ ಪಲ್ಯ ಕೇಳಿದಾಗ ತಟ್ಟೆಯ ತುಂಬ ಹಲಸಂದೆ ಕಾಯಿ, ಕುಂಬಳಕಾಯಿ, ಬದನೆಕಾಯಿ ಬಂತು, ನನಗೆ ಊರೇ ಕಂಡಂತಾಯಿತು. ಬಾಯಿಗಿಟ್ಟ ಮೇಲೆ ತಿಳಿಯಿತು, ಅದಕ್ಕೆ ಬಾಗೂಂಗ್ ಎಂಬ ಹುಳಿಯಿಸಿದ ಸೀಗಡಿಯ ಗೊಜ್ಜು ಹಾಕಿದ್ದರು. ಸೆಬುವಿನ ಕಡೆ ಗಿನಾಮೊಸ್ ಎಂಬ ಮೀನಿನ ಗೊಜ್ಜು. ಪಾತಿಸ್ ಎಂಬ ಮೀನಿನ ರಸ ಇಲ್ಲಿನವರಿಗೆ ಉಪ್ಪಿದ್ದಂತೆ. ಆದ್ದರಿಂದ "ವಲಾಯ್ ಕಾರ್ನೆ, ವಲಾಯ್ ಇಸ್ದಾ, ವಲಾಯ್ ಗಿನಾಮೊಸ್" ಎಂದು ಸೆಬುವಾನೊ ಭಾಷೆಯಲ್ಲಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮಾಂಸ ಬೇಡ, ಮೀನು ಬೇಡ, ಆ ಗೊಜ್ಜೂ ಬೇಡ ಎಂದರ್ಥ. ಮೊಟ್ಟೆ ಬೇಡವೆಂಬುದಕ್ಕೆ "ವಲಾಯ್ ಇಟ್ಲೊಗ್" ಸೇರಿಸಿ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ, ಆದರೆ ಅಡುಗೆಮನೆಯ ಒಳಗಿನ ಅಣ್ಣನವರೆಗೆ ತಲುಪುವುದು ಕಾಗದವೇ.

ತಿನ್ನಬಹುದಾದದ್ದೂ ಬಹಳಷ್ಟಿದೆ. ತೆಂಗಿನ ಗರಿಯ ಸಣ್ಣ ಬುಟ್ಟಿಯಲ್ಲಿ ಅಕ್ಕಿ ತುಂಬಿ ಬೇಯಿಸುವ ಪೂಸೊ ನೋಡಿದರೆ ಮಂಗಳೂರಿನವರಿಗೆ ಮೂಡೆ ನೆನಪಾಗುತ್ತದೆ. ಮಲುಂಗಾಯ್ ಎಂದರೆ ನಮ್ಮ ನುಗ್ಗೆ ಸೊಪ್ಪೇ, ಅದರ ಸಾರು ಎಲ್ಲೆಡೆ ಸಿಗುತ್ತದೆ. ಬಾಳೆಹಣ್ಣು ಸುತ್ತಿ ಕರಿದ ತುರೊನ್, ಬಾಳೆ ಎಲೆಯಲ್ಲಿ ಬೇಯಿಸಿದ ಅಂಟಕ್ಕಿಯ ಸುಮನ್, ಬೆಳಿಗ್ಗೆ ಕೂಗಿಕೊಂಡು ಬರುವವರ ಬಳಿ ತಾಹೊ ಎಂಬ ಸೋಯಾದ ಬಿಸಿ ಸಿಹಿ, ಸೆಬುವಿನ ಮಾವಿನಹಣ್ಣು. ಆಂಟಿ ಹಸಿವಿನಿಂದ ಇರುವುದಿಲ್ಲ. ಆದರೂ ಚಟ್ನಿಪುಡಿ ಒಂದು ಡಬ್ಬಿ ಇರಲಿ. ಅಡುಗೆಮನೆ ಇರುವ ಕೋಣೆ ಸಿಕ್ಕರೆ ಮತ್ತೂ ಒಳ್ಳೆಯದು.

ದಕ್ಕೆಯವ

ತಂಗಿ, ಗೊಜ್ಜೆಂದರೆ ನಮ್ಮವರಿಗೆ ಬಾಯಲ್ಲಿ ನೀರೂರುತ್ತದೆ. ಅದರ ಹೆಸರು ಇನ್ನೊಮ್ಮೆ ಹೇಳು, ಬರೆದಿಟ್ಟುಕೊಳ್ಳುತ್ತೇನೆ.

ಪ್ರವಾಸಿ ಮಿತ್ರ

ಸೆಬುವರೆಗೆ ಹೋದ ಮೇಲೆ ಓಸ್ಲೊಬ್ ಬಿಟ್ಟು ಬರುವುದು ಪಾಪ. ಮೊವಾಲ್ಬೊವಾಲ್‌ನಿಂದ ಮುಂಜಾನೆ ಹೊರಟರೆ ಬಸ್ಸಿನಷ್ಟು ದೊಡ್ಡ ವೇಲ್ ಶಾರ್ಕ್‌ಗಳ ಪಕ್ಕದಲ್ಲಿಯೇ ಸ್ನಾರ್ಕಲಿಂಗ್ ಮಾಡಿ ಮಧ್ಯಾಹ್ನಕ್ಕೆ ಮರಳಬಹುದು. ನೋಡದೆ ಬಂದೆವೆಂಬ ಕೊರಗು ಉಳಿಯುವುದಿಲ್ಲ.

ಹವಳದ ಬೆನ್ನುಹತ್ತಿ

ದಯವಿಟ್ಟು ಬೇಡ. ಅವು ತಾವಾಗಿ ಬಂದು ನಿಂತಿರುವುದಲ್ಲ. ದಿನವೂ ಬೆಳಿಗ್ಗೆ ದೋಣಿಯಿಂದ ಉಯಾಪ್ ಎಂಬ ಸಣ್ಣ ಸೀಗಡಿಯನ್ನು ಎಸೆದು ಅವುಗಳನ್ನು ಅಲ್ಲಿಯೇ ಕಟ್ಟಿಹಾಕಿಕೊಂಡಿದ್ದಾರೆ. ಸಾವಿರಾರು ಕಿಲೋಮೀಟರ್ ಅಲೆಯಬೇಕಾದ ಜೀವಿ ಒಂದು ಊರಿನ ಮುಂದೆ ಬಾಯಿ ತೆರೆದು ನಿಂತಿರುವುದನ್ನು ನೋಡಿ ನನಗೆ ಸಂತೋಷವಾಗಲಿಲ್ಲ. ದೋಣಿಗೆ ಉಜ್ಜಿದ ಗಾಯದ ಗುರುತುಗಳನ್ನು ನಾನೇ ಕಂಡಿದ್ದೇನೆ. ಫಿಲಿಪೀನ್ಸ್ 1998ರಲ್ಲಿಯೇ ಇವುಗಳನ್ನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿದೆ. ಹಿಡಿಯಬಾರದು, ಆದರೆ ಸಾಕಿಕೊಳ್ಳಬಹುದು ಎಂದರೆ ಅದೆಂಥ ನ್ಯಾಯ? ನೋಡಲೇಬೇಕಿದ್ದರೆ ಲೂಝೋನ್ ದ್ವೀಪದ ದೊನ್ಸೊಲ್‌ಗೆ ಹೋಗಿ, ಅಲ್ಲಿ ಆಹಾರ ಹಾಕುವುದಿಲ್ಲ; ಬಂದರೆ ಬಂದವು, ಬಾರದಿದ್ದರೆ ಇಲ್ಲ.

ಪ್ರವಾಸಿ ಮಿತ್ರ

ಮೇಡಂ, ತಮ್ಮ ಭಾವನೆಯನ್ನು ಗೌರವಿಸುತ್ತೇನೆ. ಆದರೆ ಆ ಊರಿನ ಬೆಸ್ತರು ಮೊದಲು ಒಂದು ಬಲೆ ಮೀನಿಗಾಗಿ ರಾತ್ರಿಯಿಡೀ ಅಲೆಯುತ್ತಿದ್ದವರು. ಇಂದು ಅವರ ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ. ವಿಮಾನದಲ್ಲಿ ಬಂದು ನಾಲ್ಕು ದಿನ ಇದ್ದು ಹೋಗುವ ನಾವು ಅವರಿಗೆ ನೀತಿ ಹೇಳುವುದು ಸುಲಭ.

ಹವಳದ ಬೆನ್ನುಹತ್ತಿ

ಆಪೊ ದ್ವೀಪದವರೂ ಬೆಸ್ತರೇ, ಅವರೂ ಬಡವರೇ ಆಗಿದ್ದರು. ಅವರು ಮೀನಿಗೆ ಊಟ ಹಾಕಿ ದುಡಿದದ್ದಲ್ಲ, ಮೀನಿಗೆ ಜಾಗ ಬಿಟ್ಟು ದುಡಿದದ್ದು.

ಬಿಸಿಲೂರು ಡಾಕ್ಟರ್

ನನ್ನ ಇಬ್ಬರು ಸಹಪಾಠಿಗಳು ಅದೇ ಕಡೆಯವರು, ಅವರ ಮನೆಗಳಲ್ಲಿಯೇ ಈ ಜಗಳ ಇನ್ನೂ ಮುಗಿದಿಲ್ಲ. ನಾವು ಇಲ್ಲಿ ಕೂತು ಮುಗಿಸುವುದು ಕಷ್ಟ.

ಮಲೆನಾಡ ಮಳೆ

ನನ್ನದೊಂದು ಅಳಲು. ಹೆಸರು ಹೇಳುವುದಿಲ್ಲ, ಕಳೆದ ವರ್ಷ ಬೊಹೋಲ್ ಪಕ್ಕದ ಪಂಗ್ಲಾವೊ ದ್ವೀಪದ ಒಂದು ರೆಸಾರ್ಟಿನವರು ಕೋಣೆಯ ಮುಂದೆಯೇ ಹವಳದ ದಿಬ್ಬವಿದೆ ಎಂದು ಚಿತ್ರ ಹಾಕಿದ್ದರು. ಹೋಗಿ ನೋಡಿದರೆ ಮೊಣಕಾಲುದ್ದದ ನೀರು, ಕೆಳಗೆ ಉದ್ದಕ್ಕೂ ಹುಲ್ಲು! ಇಳಿತದ ಹೊತ್ತಿನಲ್ಲಿ ಅದೂ ಒಣಗಿ, ನಡುವೆ ಕಡಲ ಮುಳ್ಳುಚೆಂಡುಗಳು ನಿಂತಿದ್ದವು. ಒಂದು ಮುಳ್ಳು ನನ್ನ ಹಿಮ್ಮಡಿ ಸೇರಿ ಎರಡು ದಿನ ಕುಂಟಿದೆ. ಚಿತ್ರ ಬಾಲಿಕಸಗ್ ದ್ವೀಪದ್ದಂತೆ, ಅಲ್ಲಿಗೆ ಹೋಗಲು ದೋಣಿಗೆ ಬೇರೆ ದುಡ್ಡು. ಬುಕ್ ಮಾಡುವ ಮುಂಚೆ ಇಳಿತದ ಹೊತ್ತಿನ ಫೋಟೊ ಕಳುಹಿಸಿ ಎಂದು ಕೇಳಿ. ಕೊಡಲು ಹಿಂಜರಿದರೆ ಉತ್ತರ ಸಿಕ್ಕಂತೆಯೇ.

ಕಾಳಿ ಸಂಗಮ

ನಿಮ್ಮ ಹಿಮ್ಮಡಿಗೆ ನನ್ನ ಸಹಾನುಭೂತಿ ಇದೆ, ರಬ್ಬರ್ ಬೂಟು ಹಾಕದೆ ಯಾರೂ ಆ ದಡಗಳಲ್ಲಿ ಇಳಿಯಬಾರದು. ಆದರೆ ಆ ಹುಲ್ಲನ್ನು ಬೈಯಬೇಡಿ. ಅದು ಕಡಲಹುಲ್ಲು, ಹಸಿರು ಕಡಲಾಮೆಯ ಮುಖ್ಯ ಆಹಾರವೇ ಅದು. ಭರತದ ಹೊತ್ತಿಗೆ ಅದೇ ಜಾಗದಲ್ಲಿ ಸದ್ದಿಲ್ಲದೆ ತೇಲಿಕೊಂಡು ಕಾದಿದ್ದರೆ ಆಮೆ ನಿಮ್ಮ ಕೋಣೆಯ ಮುಂದೆಯೇ ಬಂದೀತು.

ಮಲೆನಾಡ ಮಳೆ

ಎರಡು ದಿನ ಕುಂಟಿದವನಿಗೆ ಇದನ್ನು ಒಂದು ವರ್ಷದ ನಂತರ ಹೇಳುತ್ತಿದ್ದೀರಿ.

ಅಲೆಮಾರಿ 77

ಸುರಕ್ಷತೆಯ ಮಾತೂ ಇರಲಿ. ಸೆಬುವಿಗೆ 2025 ಕಷ್ಟದ ವರ್ಷ. ಸೆಪ್ಟೆಂಬರ್ 30ರಂದು ಉತ್ತರ ಭಾಗದ ಬೊಗೊ ಸುತ್ತಮುತ್ತ 6.9 ತೀವ್ರತೆಯ ಭೂಕಂಪವಾಯಿತು, ಐದು ವಾರ ಕಳೆಯುವಷ್ಟರಲ್ಲಿ ಚಂಡಮಾರುತದ ಪ್ರವಾಹದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಫೆಬ್ರವರಿಯಲ್ಲಿ ಚಂಡಮಾರುತದ ಸಂಭವ ಕಡಿಮೆ, ಆದರೆ ಪ್ರಯಾಣ ವಿಮೆ ಮಾಡಿಸಿಯೇ ಹೊರಡಿ, ಸ್ನಾರ್ಕಲಿಂಗ್ ಅದರಲ್ಲಿ ಸೇರಿದೆಯೇ ಎಂದು ಸಣ್ಣ ಅಕ್ಷರಗಳನ್ನೂ ಓದಿ.

ಹವಳದ ಬೆನ್ನುಹತ್ತಿ

ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ಉದ್ದ ತೋಳಿನ ಈಜುಡುಗೆ ಹಾಕಿಕೊಳ್ಳಿ. ಆಕ್ಸಿಬೆನ್ಝೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದ್ದು ಹವಳದ ಕಾರಣಕ್ಕೆ. ಬೆನ್ನು ಸುಡುವುದು ತಿಳಿಯುವುದೇ ಇಲ್ಲ, ರಾತ್ರಿ ಮಲಗುವಾಗ ತಿಳಿಯುತ್ತದೆ. ಹವಳದ ಮೇಲೆ ನಿಲ್ಲಬೇಡಿ, ಮೀನಿಗೆ ಬ್ರೆಡ್ ಹಾಕಬೇಡಿ, ಗೈಡೇ ಬ್ರೆಡ್ ಕೊಟ್ಟರೂ ಬೇಡ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಪನಗ್ಸಮದ ತುದಿಯಲ್ಲಿ, ಬಾರುಗಳಿಂದ ದೂರವಿರುವ ಸಣ್ಣ ರೆಸಾರ್ಟಿನಲ್ಲಿ ಐದು ರಾತ್ರಿ, ಕೊನೆಯ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ಮಕ್ತಾನ್‌ನಲ್ಲಿ ಎಂದು ತೀರ್ಮಾನಿಸಿದ್ದೇವೆ. ಇಳಿತದ ಹೊತ್ತಿನ ಫೋಟೊ ಕೇಳಿದೆ, ಕಳುಹಿಸಿದರು. ಓಸ್ಲೊಬ್ ಬೇಡವೆಂದು ಮಗಳೇ ಹೇಳಿದಳು, ಈ ಚರ್ಚೆಯನ್ನು ಅವಳೂ ಓದುತ್ತಿದ್ದಾಳೆ. ಟ್ರಾವೆಲ್ ಏಜೆಂಟರು ಮಾತ್ರ ಮುನಿಸಿಕೊಂಡಿದ್ದಾರೆ.

ತುಂಗಾತೀರ (ಪ್ರವಾಸ ಮುಗಿದ ಮೇಲೆ)

ಹೋಗಿ ಬಂದೆವು. ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ನನ್ನ ಹೆಂಡತಿ ಮೊದಲ ದಿನ ಮೆಟ್ಟಿಲಿನ ಕೊನೆಯ ಹಂತದಲ್ಲಿ ಕಬ್ಬಿಣದ ಹಿಡಿ ಹಿಡಿದುಕೊಂಡು ಮುಖ ಮುಳುಗಿಸುವುದು, ಎತ್ತುವುದು ಇಷ್ಟನ್ನೇ ಮಾಡಿದಳು. ಎರಡನೇ ದಿನ ರೆಸಾರ್ಟಿನ ಹುಡುಗನೊಬ್ಬ ಟೈರಿನಂಥ ತೇಲುವ ಬಳೆಗೆ ಹಗ್ಗ ಕಟ್ಟಿ ಅವಳನ್ನು ಅಂಚಿನವರೆಗೆ ಎಳೆದುಕೊಂಡು ಹೋದ. ಕೆಳಗಿನ ನೆಲ ಮುಗಿದು ನೀಲಿ ಶುರುವಾದ ಕ್ಷಣ ಅವಳು ನನ್ನ ಮಣಿಕಟ್ಟನ್ನು ಹಿಡಿದ ಗುರುತು ಇನ್ನೂ ಹೋಗಿಲ್ಲ. ಆಮೇಲೆ ಸಾರ್ಡೀನ್ ಬಂದವು. ಸಿಂಗಪುರವಾಸಿಗಳು ಹೇಳಿದ ಮೋಡದ ನೆರಳು ನಿಜ, ಆದರೆ ಅವರು ಹೇಳದ ಒಂದು ಸಂಗತಿ ಇದೆ: ಅಷ್ಟು ಮೀನು ಒಟ್ಟಿಗೆ ತಿರುಗುವಾಗ ಒಂದು ಚೂರೂ ಸದ್ದಿರುವುದಿಲ್ಲ. ನಮ್ಮ ಉಸಿರಿನ ಸದ್ದು ಮಾತ್ರ ಕೊಳವೆಯಲ್ಲಿ ದೊಡ್ಡದಾಗಿ ಕೇಳುತ್ತದೆ. ಮೂರನೇ ದಿನದಿಂದ ಅವಳೇ ನಮ್ಮನ್ನು ಆರು ಗಂಟೆಗೆ ಎಬ್ಬಿಸತೊಡಗಿದಳು, ಏಕೆಂದರೆ ಒಂಬತ್ತರ ನಂತರ ದಿನದ ಪ್ರವಾಸಿಗಳ ದೋಣಿಗಳು ಬಂದು ನೀರು ಕಲಕುತ್ತವೆ.

ಮಗಳು ಆಮೆ ನೋಡಿದಳು. ನಾನು ಮಧ್ಯಾಹ್ನಗಳನ್ನು ಮಲಗಿಯೇ ಕಳೆದೆ, ಆ ಬಗ್ಗೆ ಯಾವ ಪಶ್ಚಾತ್ತಾಪವೂ ಇಲ್ಲ. ಡಾಕ್ಟರಮ್ಮ ಬರೆದುಕೊಟ್ಟ ಕಾಗದವನ್ನು ಅಡುಗೆಯವರು ಗೋಡೆಗೇ ಅಂಟಿಸಿಕೊಂಡರು. ನುಗ್ಗೆ ಸೊಪ್ಪಿನ ಸಾರಿಗೆ ನನ್ನವಳು ಚಟ್ನಿಪುಡಿ ಉದುರಿಸಿದ್ದನ್ನು ನೋಡಿ ಅವರೂ ರುಚಿ ನೋಡಿದರು, ಹೊರಡುವಾಗ ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಬರಬೇಕಾಯಿತು.

ತೊಂದರೆಯೂ ಇತ್ತು. ಒಂದು ದಿನ ನೀರಿನಲ್ಲಿ ಸೂಜಿ ಚುಚ್ಚಿದಂತಾಗುವ ಕಣ್ಣಿಗೆ ಕಾಣದ ಜೀವಿಗಳಿದ್ದವು, ಉದ್ದ ತೋಳಿನ ಉಡುಗೆ ಕಾಪಾಡಿತು. ಒಬ್ಬ ದೋಣಿಯವನು ನಮ್ಮ ಕಣ್ಣೆದುರೇ ಲಂಗರನ್ನು ಹವಳದ ಮೇಲೆ ಎಸೆದ. ದಡದಿಂದ ಬೇರೊಬ್ಬ ಬೆಸ್ತ ಕೂಗಿ ಬೈದ ಮೇಲೆ ಎತ್ತಿಕೊಂಡ.

ಸಿಂಗಪುರವಾಸಿ

ಓದಿ ಸಂತೋಷವಾಯಿತು. ಡಾಲ್ಫಿನ್ ಕಾಣಲಿಲ್ಲವೇ? ಅಲ್ಲಿನ ತನ್ಯೊನ್ ಜಲಸಂಧಿಯಲ್ಲಿ ತೈಲ ಹುಡುಕುವ ಗುತ್ತಿಗೆಯನ್ನು 2015ರಲ್ಲಿ ಫಿಲಿಪೀನ್ಸಿನ ಸುಪ್ರೀಂ ಕೋರ್ಟ್ ರದ್ದುಪಡಿಸಿದಾಗ ಒಂದು ಅರ್ಜಿ ಅಲ್ಲಿನ ಡಾಲ್ಫಿನ್, ತಿಮಿಂಗಿಲಗಳ ಹೆಸರಿನಲ್ಲಿಯೇ ಇತ್ತು.

ತುಂಗಾತೀರ

ಅರ್ಜಿದಾರರು ನಮಗೆ ದರ್ಶನ ಕೊಡಲಿಲ್ಲ.

ಕಾಳಿ ಸಂಗಮ

ಎಲ್ಲವನ್ನೂ ಬರೆದಿರಿ, ಮುಖ್ಯವಾದದ್ದನ್ನೇ ಬಿಟ್ಟಿರಿ. ಮೀಸೆ ಏನಾಯಿತು?

ತುಂಗಾತೀರ

ಮೊದಲ ದಿನ ಹಟ ಹಿಡಿದು ಹಾಗೆಯೇ ಇಳಿದೆ, ನೇತ್ರಾಣಿಯ ಕಥೆಯೇ ಪುನರಾವರ್ತನೆಯಾಯಿತು. ಎರಡನೇ ದಿನ ತಾವು ಹೇಳಿದಷ್ಟೇ ಪಟ್ಟಿ ತೆಗೆಯಲು ಹೋಗಿ, ರೆಸಾರ್ಟಿನ ಮಂಕು ಬೆಳಕಿನಲ್ಲಿ ಎಡಕ್ಕೂ ಬಲಕ್ಕೂ ಸರಿಹೊಂದಿಸುತ್ತ ಹೊಂದಿಸುತ್ತ ಕೊನೆಗೆ ಏನೂ ಉಳಿಯಲಿಲ್ಲ. ಒಂದು ಹನಿ ನೀರೂ ಬರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅಮ್ಮನಿಗೆ ದಿನವೂ ವಿಡಿಯೊ ಕರೆ ಮಾಡುತ್ತಿದ್ದೆನಾದರೂ ಕ್ಯಾಮೆರಾವನ್ನು ಸಮುದ್ರದ ಕಡೆಗೇ ಹಿಡಿದಿರುತ್ತಿದ್ದೆ. ನಾಲ್ಕನೇ ದಿನ ಅವರು, "ಅಷ್ಟು ದುಡ್ಡು ಕೊಟ್ಟು ಹೋಗಿದ್ದೀಯಲ್ಲೋ, ಅಲ್ಲಿ ನೋಡುವುದಕ್ಕೆ ಬರೀ ನೀರೇ ಇರುವುದೇನೋ?" ಎಂದರು.